ಚೆಕ್‌ರೋಲ್‌ನಲ್ಲಿ ಸಿಕ್ಕ ಹಾವು

ಹಾವು ಕಡಿತದ ಲೆಕ್ಕವನ್ನು ಕಾಫಿ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಜೊತೆ ಇಟ್ಟು ನೋಡಬೇಕು ಎಂದು ತಾಲ್ಲೂಕು ಸಭೆಯಲ್ಲಿ ನಾನು ಹೇಳಿದಾಗ ನಕ್ಕವರೇ ಹೆಚ್ಚು. "ಹಾವು ಹಾಜರಿ ಹಾಕಿ ಕಚ್ಚುತ್ತದೆಯೇನ್ರೀ?" ಎಂದು ಹಿರಿಯರೊಬ್ಬರು ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಆ ಹಾಳೆ ಸ್ವಲ್ಪ ಕಳುಹಿಸಿ ಎನ್ನುತ್ತಾರೆ. ದಕ್ಷಿಣ ಕೊಡಗಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಆರೋಗ್ಯ ನಿರೀಕ್ಷಣಾಧಿಕಾರಿ. ಪಕ್ಕದ ಎರಡು ಕೇಂದ್ರಗಳ ಪುಸ್ತಕಗಳನ್ನೂ ಸೇರಿಸಿಕೊಂಡು ಮಾಡಿದ ಕೆಲಸ ಇದು. ಎಎಸ್‌ವಿ (ಹಾವಿನ ವಿಷ ಇಳಿಸುವ ಚುಚ್ಚುಮದ್ದು), ಐಎಚ್‌ಐಪಿ (ರೋಗಗಳನ್ನು ವರದಿ ಮಾಡುವ ಸರ್ಕಾರಿ ಜಾಲತಾಣ), ಆಶಾ ಡೈರಿ (ಊರಿನ ಆರೋಗ್ಯ ಕಾರ್ಯಕರ್ತೆಯರ ದಿನಚರಿ) ಇವುಗಳನ್ನೆಲ್ಲ ದಿನವೂ ನೋಡುವವರಿಗಾಗಿ ಬರೆಯುತ್ತಿರುವುದರಿಂದ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ.

ನಮ್ಮ ಕಡೆ ಎಎಸ್‌ವಿ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಸಮಪಾಲು ಮಾಡಿ ಕೆಡಿಸಲಾಗಿತ್ತು. ಈ ಕೇಂದ್ರಕ್ಕೆ ಮೂರು ವೈಲ್ (ಮದ್ದಿನ ಸೀಸೆ), ಆ ಕೇಂದ್ರಕ್ಕೆ ನಾಲ್ಕು. ವಿಷ ಏರಿದವರಿಗೆ ಮೊದಲ ಸುತ್ತಿಗೇ 8ರಿಂದ 10 ವೈಲ್ ಬೇಕು. ಮಗುವಾದರೂ ಅಷ್ಟೇ, ದೊಡ್ಡವರಾದರೂ ಅಷ್ಟೇ. ಮೂರು ವೈಲ್ ಇಟ್ಟುಕೊಂಡ ವೈದ್ಯರು ಏನು ಮಾಡುತ್ತಾರೆ? ಚೀಟಿ ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಕುಟ್ಟದ ಕಡೆಯಿಂದ ಗೋಣಿಕೊಪ್ಪಕ್ಕೆ ಒಂದು ಗಂಟೆಯ ಹಾದಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಿದ್ದರೆ ದೇವರೇ ಗತಿ. ಅಲ್ಲಿಂದ ಮಡಿಕೇರಿ, ಇಲ್ಲವೇ ಮೈಸೂರು. ಇತ್ತ ಆ ಮೂರು ವೈಲ್‌ಗಳು ಶೀತಪೆಟ್ಟಿಗೆಯಲ್ಲೇ ಕುಳಿತು ಅವಧಿ ಮೀರಿ ಕಸಕ್ಕೆ ಹೋಗುತ್ತಿದ್ದವು.

ಎಲ್ಲಿ, ಯಾವ ತಿಂಗಳು ಹೆಚ್ಚು ಬೇಕಾಗುತ್ತದೆ ಎಂದು ತೋರಿಸಿದರೆ ದಾಸ್ತಾನನ್ನು ಅಲ್ಲಿಗೆ ಸರಿಸಬಹುದು. ಇಷ್ಟೇ ನನ್ನ ವಾದ. ಆದರೆ ತೋರಿಸುವುದಕ್ಕೆ ಅಂಕಿ ಎಲ್ಲಿದೆ? 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು, ಅಂದರೆ ವರ್ಷಕ್ಕೆ 58 ಸಾವಿರದಂತೆ. ಆಸ್ಪತ್ರೆಗಳ ಲೆಕ್ಕ ಇದರ ಹತ್ತಿರಕ್ಕೂ ಬರುವುದಿಲ್ಲ. ಆ ಅಂದಾಜಿನ ಬೆನ್ನೆಲುಬು ಮನೆಮನೆಗೆ ಹೋಗಿ ಸಾವಿನ ವಿವರ ಕೇಳಿ ಬರೆದುಕೊಂಡ ಮಾಹಿತಿ. ಇದನ್ನು ಓದಿದ ಮೇಲೆಯೇ ನಮ್ಮ ಪುಸ್ತಕಗಳ ಮೇಲೆ ನನಗೆ ಅನುಮಾನ ಶುರುವಾದದ್ದು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿ, ಎಲ್ಲ ಪ್ರಕರಣಗಳನ್ನೂ ವರದಿ ಮಾಡಬೇಕೆಂದಿತು. ಒಳ್ಳೆಯದಾಯಿತು. ಆದರೆ ಹಳೆಯ ವರ್ಷಗಳ ಲೆಕ್ಕ ನಮಗೆ ನಾವೇ ಅಗೆದು ತೆಗೆಯಬೇಕಾಗಿತ್ತು.

ಮೊದಲು ಮೊಬೈಲ್‌ನಲ್ಲಿ ಫಾರ್ಮ್ ಮಾಡಿಸಿ ಆಶಾಗಳ ಕೈಗೆ ಕೊಟ್ಟೆವು. ಪರಿಚಯದ ಹುಡುಗನೊಬ್ಬ ಆರೇಳು ಸಾವಿರ ತೆಗೆದುಕೊಂಡು ಮಾಡಿಕೊಟ್ಟ. ಬಿರುನಾಣಿ ಕಡೆಯ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗುವುದು ಬಸ್ ತಂಗುದಾಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರ ತುಂಬಿಸುವಷ್ಟು ಪುರುಸೊತ್ತು ಯಾವ ಆಶಾ ಕಾರ್ಯಕರ್ತೆಗಿದೆ? ಆ ಹಣ ಹೋಯಿತು. ಆಮೇಲೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ಹದಿನಾಲ್ಕು ಸಾವಿರಕ್ಕೆ ನಾನೇ ಕೊಂಡೆ. ಪುಸ್ತಕಗಳ ಫೋಟೋ ತೆಗೆದು ಎಕ್ಸೆಲ್‌ಗೆ ಏರಿಸಲು ಪದವಿ ಓದುತ್ತಿದ್ದ ಹುಡುಗಿಯೊಬ್ಬಳಿಗೆ ತಿಂಗಳಿಗೆ ಐದು ಸಾವಿರ ಕೊಟ್ಟೆ. ಅರ್ಧ ನನ್ನ ಜೇಬಿನಿಂದ, ಉಳಿದರ್ಧ ಆರೋಗ್ಯ ರಕ್ಷಾ ಸಮಿತಿಯಿಂದ. ಸಮಿತಿಯಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವಷ್ಟರಲ್ಲಿ ಒಂದು ಕೊಯ್ಲು ಮುಗಿದಿತ್ತು.

ಸೇರಿಸಿದ್ದು ಮೂರು ಪುಸ್ತಕ: ಹೊರರೋಗಿ ನೋಂದಣಿ, ಗಾಯ ಮತ್ತು ಕಡಿತದ ನೋಂದಣಿ, 108 ವಾಹನದ ಚಾಲಕ ಇಟ್ಟುಕೊಂಡಿದ್ದ ಖಾಸಗಿ ಡೈರಿ. ಮೂರನೆಯದೇ ಚಿನ್ನ. ಹೊರಟ ಜಾಗ, ಗಂಟೆ, ಇಳಿಸಿದ ಜಾಗ, ಎಲ್ಲವೂ ಒಂದು ಸಾಲಿನಲ್ಲಿತ್ತು. ಸುಮಾರು ನಾಲ್ಕು ವರ್ಷದ್ದನ್ನು ಕೂಡಿಸಿದಾಗ 260ರ ಆಸುಪಾಸು ಸಾಲುಗಳು ಬಂದವು. ಒಬ್ಬರೇ ಮೂರು ಕಡೆ ಮೂರು ಹೆಸರಿನಲ್ಲಿ ಇದ್ದದ್ದನ್ನು ತೆಗೆದಾಗ 190ಕ್ಕೆ ಇಳಿಯಿತು.

ಹೆಸರು ಹೊಂದಿಸುವುದೇ ದೊಡ್ಡ ತಲೆನೋವು. ಅಸ್ಸಾಮಿನಿಂದ ಬಂದ ಕೆಲಸಗಾರನ ಹೆಸರನ್ನು ನಮ್ಮವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿರುತ್ತಾರೆ. ಯರವ ಬುಡಕಟ್ಟಿನವರ ಹಾಡಿಯಲ್ಲಿ ಒಂದೇ ಹೆಸರಿನ ಐದು ಮಂದಿ. ಹೆಸರನ್ನು ಬಿಟ್ಟು ವಯಸ್ಸು, ದಿನಾಂಕ, ಕಚ್ಚಿದ ಅಂಗ ಈ ಮೂರನ್ನು ಹಿಡಿದು ಹೊಂದಿಸಿದೆವು. ಎಡಗಾಲಿನ ಹೆಬ್ಬೆರಳಿಗೆ ಕಚ್ಚಿಸಿಕೊಂಡ 34ರ ಹೆಂಗಸರು ಒಂದೇ ದಿನ ಇಬ್ಬರು ಇರುವುದಿಲ್ಲವಲ್ಲ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಹಾಳೆಯಲ್ಲಿ ಹೆಸರೇ ಇಲ್ಲವಾದ್ದರಿಂದ ಯಾರಿಗೆ ತೋರಿಸಿದರೂ ರೋಗಿಯ ಗುಟ್ಟು ಹೊರಹೋಗುವ ಭಯವಿಲ್ಲ. ತೋಟಗಳದ್ದು ಬೇರೆಯೇ ಕಥೆ. ದಾಖಲೆಯಲ್ಲಿ ಇಂಗ್ಲಿಷ್ ಹೆಸರು, ಊರಿನವರ ಬಾಯಲ್ಲಿ ಸಾಹುಕಾರರ ಮನೆತನದ ಹೆಸರು, ಲೈನ್ ಮನೆಯವರಿಗೆ (ತೋಟದ ಸಾಲುಮನೆಗಳಲ್ಲಿರುವ ಆಳುಗಳಿಗೆ) ಗೇಟಿನ ಬಳಿಯ ಮರದ ಹೆಸರು. ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟ ಪಟ್ಟಿಯನ್ನು ಅಂಚೆಯಣ್ಣನನ್ನು ಕೂರಿಸಿಕೊಂಡು ಮಾಡಿದೆ. ಯಾವ ಉಪಗ್ರಹ ನಕ್ಷೆಯೂ ಆ ಪಟ್ಟಿಗೆ ಸಮವಲ್ಲ.

ಈಗ ಚೆಕ್‌ರೋಲ್‌ಗೆ ಬರುತ್ತೇನೆ. ತಿಂಗಳವಾರು ಕಡಿತದ ಗೆರೆ ಎಳೆದಾಗ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಎದ್ದು ಕಾಣುತ್ತಿತ್ತು. ಎಲ್ಲರೂ ಹೇಳಿದ್ದು ಒಂದೇ: ಕೊಯ್ಲಿನ ಕಾಲದಲ್ಲಿ ಹಾವು ಜಾಸ್ತಿ. ನನಗೇಕೋ ಒಪ್ಪಿಗೆಯಾಗಲಿಲ್ಲ. ಕೊಯ್ಲಿನಲ್ಲಿ ಹಾವು ಜಾಸ್ತಿಯೋ, ಆಳು ಜಾಸ್ತಿಯೋ? ಇಪ್ಪತ್ತು ಜನರಿದ್ದ ತೋಟದಲ್ಲಿ ಆಗ ಎಂಬತ್ತು ಜನರಿರುತ್ತಾರೆ. ಭಾಗಿಸಲು ಆಳಿನ ಲೆಕ್ಕ ಬೇಕು. ಅದು ಸರ್ಕಾರದ ಯಾವ ಜಾಲತಾಣದಲ್ಲೂ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಮೇಜಿನ ಮೇಲಿರುವ ಚೆಕ್‌ರೋಲ್‌ನಲ್ಲಿದೆ. ಇವತ್ತು ಎಷ್ಟು ಆಳು, ಯಾವ ಬ್ಲಾಕ್, ಏನು ಕೆಲಸ ಎಂಬುದೆಲ್ಲ ಅಲ್ಲೇ. ಸಾಹುಕಾರರು ಅದನ್ನು ಹೊರಗಿನವರಿಗೆ, ಅದರಲ್ಲೂ ಸರ್ಕಾರಿ ನೌಕರನಿಗೆ, ಯಾಕೆ ತೋರಿಸುತ್ತಾರೆ? ಕಾರ್ಮಿಕ ಇಲಾಖೆಯ ಭಯ ಅವರಿಗೆ. ಹನ್ನೊಂದು ತೋಟಗಳಿಂದ ನಾನು ಅದನ್ನು ಹೇಗೆ ಪಡೆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೆದರಿಸಲಿಲ್ಲ, ಹಣ ಕೊಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಹನ್ನೊಂದು ತೋಟಗಳಲ್ಲಿ ಕೆಲಸದ ವೇಳೆ ಆದ ಕಡಿತಗಳು ಎಪ್ಪತ್ತರಷ್ಟು. ಕೊಯ್ಲಿನಲ್ಲಿ 16–17 ಸಾವಿರ ಆಳು-ದಿನಕ್ಕೆ (ಒಬ್ಬ ಆಳಿನ ಒಂದು ದಿನದ ಕೆಲಸ ಒಂದು ಆಳು-ದಿನ) ಒಂದು. ಕಳೆ ಕೊಚ್ಚುವ ಕೆಲಸದಲ್ಲಿ ಐದಾರು ಸಾವಿರಕ್ಕೇ ಒಂದು! ಅಂದರೆ ಒಬ್ಬ ಆಳಿನ ಮಟ್ಟಿಗೆ ಕಳೆ ಕೆಲಸ ಕೊಯ್ಲಿಗಿಂತ ಮೂರು ಪಟ್ಟು ಅಪಾಯ. ಅದರಲ್ಲೂ ಮಳೆ ಹಿಡಿಯುವ ಮುಂಚಿನ ಸುತ್ತು ಮತ್ತು ಆಗಸ್ಟ್ ನಂತರದ ಸುತ್ತು. ಕೊಯ್ಲಿನ ಕಡಿತಗಳಲ್ಲೂ ಬಹುಪಾಲು ಗಿಡದಿಂದ ಹಣ್ಣು ಬಿಡಿಸುವಾಗ ಆದದ್ದಲ್ಲ, ಕೊನೆಯಲ್ಲಿ ತರಗೆಲೆ ಸರಿಸಿ ಉದುರು ಕಾಫಿ ಆಯುವಾಗ ಆದದ್ದು. ಆಯುವವರು ಹೆಂಗಸರು, ಕಚ್ಚಿದ್ದು ಬೆರಳಿಗೆ.

ಈ ಹಾಳೆಯನ್ನು ಹಿಡಿದು ಮತ್ತೆ ಸಭೆಗೆ ಹೋದೆ. ಮೂರು ಕೇಂದ್ರಗಳ ವೈಲ್‌ಗಳನ್ನು ಒಟ್ಟುಗೂಡಿಸಿ, ಕಳೆ ಸುತ್ತಿನ ತಿಂಗಳುಗಳಲ್ಲಿ ನಡುವಿನ ಒಂದೇ ಕೇಂದ್ರದಲ್ಲಿ ಇಪ್ಪತ್ತಕ್ಕೆ ಕಡಿಮೆಯಾಗದಂತೆ ಇಡೋಣ ಎಂದೆ. "ನಮ್ಮ ಕೇಂದ್ರ ಖಾಲಿ ಮಾಡಿದರೆ ನಾಳೆ ಊರಿನವರಿಗೆ ನೀವು ಉತ್ತರ ಕೊಡುತ್ತೀರಾ?" ಎಂಬ ಪ್ರಶ್ನೆ ಬಂತು. ಮೂರು ವೈಲ್ ಇದ್ದಾಗ ನೀವು ಕೊಡುತ್ತಿದ್ದ ಉತ್ತರವನ್ನೇ ಕೊಡುತ್ತೇನೆ ಎಂದೆ. ಸ್ವಲ್ಪ ಒರಟಾಯಿತು, ಆದರೂ ಒಂದು ಹಂಗಾಮಿಗೆ ಪರೀಕ್ಷೆಯಾಗಿ ಒಪ್ಪಿದರು. ಪುಡಿರೂಪದ ಎಎಸ್‌ವಿಯನ್ನೇ ಕೇಳಿ ಪಡೆದೆವು. ಜುಲೈನಲ್ಲಿ ಮೂರು ದಿನ ಕರೆಂಟ್ ಹೋದರೂ ಅದು ದ್ರವರೂಪದ್ದರಷ್ಟು ಬೇಗ ಕೆಡುವುದಿಲ್ಲ. ಜೊತೆಗೆ ಎಎಸ್‌ವಿಯಿಂದ ಅಲರ್ಜಿಯಾದರೆ ಕೊಡಲು ಅಡ್ರಿನಾಲಿನ್ ಇಟ್ಟ ತಟ್ಟೆ. ಅಲರ್ಜಿಯ ಭಯ ಕಳೆದರೆ ಮಾತ್ರ ಎಳೆಯ ವೈದ್ಯರು ಚುಚ್ಚಲು ಮುಂದಾಗುತ್ತಾರೆ.

ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ಹೇಳಲೇಬೇಕು: ಗಾಜಿನ ಕೊಳವೆ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಎರಡು ಮಿಲಿಲೀಟರ್ ರಕ್ತ, ಒಂದು ಒಣ ಗಾಜಿನ ಕೊಳವೆ, ಒಂದು ಗಡಿಯಾರ ಸಾಕು. ಅಲುಗಾಡಿಸದೆ ನಿಲ್ಲಿಸಿ, ಇಪ್ಪತ್ತು ನಿಮಿಷದ ಮೇಲೆ ಬಾಗಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಆದರೆ ಪ್ಲಾಸ್ಟಿಕ್ ಕೊಳವೆಯಲ್ಲಿ, ಸೋಪುಪುಡಿ ಹಾಕಿ ತೊಳೆದ ಗಾಜಿನಲ್ಲಿ, ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ನಮ್ಮ ಹಾಳೆಯಲ್ಲಿ ಒಂದು ಕೇಂದ್ರದಲ್ಲಿ ಮಾತ್ರ ಮುಕ್ಕಾಲು ಪಾಲು ಜನರಿಗೆ ಹೆಪ್ಪುಗಟ್ಟಿಲ್ಲ ಎಂದಿತ್ತು. ಹೋಗಿ ನೋಡಿದರೆ ಸಿಂಕಿನ ಪಕ್ಕ ಸೋಪಿನ ನೊರೆಯಲ್ಲಿ ಕೊಳವೆಗಳು ನೆನೆಯುತ್ತಿದ್ದವು. ಹೊಸ ಕೊಳವೆಗಳಿಗೆ ಆರುನೂರು ರೂಪಾಯಿಯೂ ಆಗಲಿಲ್ಲ; ಸುಮ್ಮನೆ ಖರ್ಚಾಗದೆ ಉಳಿದ ವೈಲ್‌ಗಳ ಬೆಲೆ ಅದರ ಹತ್ತಾರು ಪಟ್ಟು.

ನಮ್ಮ ತೋಟಗಳಲ್ಲಿ ಇನ್ನೊಂದು ತೊಡಕಿದೆ. ತರಗೆಲೆಯ ಬಣ್ಣದ, ಗೇಣುದ್ದದ, ಮೂಗು ಮೇಲಕ್ಕೆ ಮೊನಚಾದ ಗುಳಿಮಂಡಲ. ನಮಗೆ ಬರುವ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಈ ಗಿಡ್ಡನ ವಿಷಕ್ಕೆ ಅದು ನಾಟುವುದಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಉಂಟು. ಹಾಗಾಗಿ ಹಾಳೆಯಲ್ಲಿ ಹಾವಿನ ಜಾತಿಗೆ ಒಂದು ಕಲಂ ಸೇರಿಸಿ, ಹಾವನ್ನು ಹೊಡೆದು ತರಬೇಡಿ, ದೂರದಿಂದ ಫೋಟೋ ತೆಗೆಯಿರಿ ಎಂದು ಮೇಸ್ತ್ರಿಗಳಿಗೆ ಹೇಳಿದೆವು. ಅರ್ಧದಷ್ಟು ಪ್ರಕರಣಗಳಲ್ಲಿ ಈಗ ಫೋಟೋ ಬರುತ್ತದೆ.

ಬೂಟಿನ ವಿಷಯ ಬೇರೆ. ಒಂದು ಜೊತೆಗೆ 350 ರೂಪಾಯಿಯಂತೆ ನೂರಕ್ಕೆ ಸ್ವಲ್ಪ ಕಡಿಮೆ ಜೊತೆ ಗಂಬೂಟುಗಳನ್ನು ಮೂರ್ನಾಲ್ಕು ತೋಟದವರಿಂದ ಕೊಡಿಸಿದೆ. ಹಾವಿನಿಂದ ರಕ್ಷಣೆ ಎಂದು ಭಾಷಣ ಮಾಡಿ ಹಂಚಿದೆವು. ಮುಂದಿನ ವಾರ ಹೋದಾಗ ಬೂಟುಗಳು ಲೈನ್ ಮನೆಯ ಅಟ್ಟದ ಮೇಲಿದ್ದವು. ಮೇಸ್ತ್ರಿಯ ಹೆಂಡತಿ ನಗುತ್ತಾ ಹೇಳಿದರು, "ಅಣ್ಣಾ, ಹಾವು ವರ್ಷಕ್ಕೆ ಒಬ್ಬರಿಗೆ ಕಚ್ಚುತ್ತದೆ. ಜಿಗಣೆ ದಿನಾ ಎಲ್ಲರಿಗೂ ಕಚ್ಚುತ್ತದೆ." ಮರುವರ್ಷ ಹಾವಿನ ಸುದ್ದಿಯನ್ನೇ ಎತ್ತಲಿಲ್ಲ. ಜಿಗಣೆ ಬೂಟು ಎಂದೇ ಹಂಚಿದೆವು. ಹೊಗೆಸೊಪ್ಪು, ಸುಣ್ಣ ಹಚ್ಚಿಕೊಳ್ಳುವ ಕಾಟ ತಪ್ಪಿತೆಂದು ಹಾಕಿಕೊಂಡರು. ಕಳೆ ಯಂತ್ರ ಓಡಿಸುವವರಿಗೆ ನಮ್ಮ ಹಾಳೆಯಲ್ಲಿ ಒಂದೇ ಒಂದು ಕಡಿತ. ಯಂತ್ರದ ಪುಣ್ಯವೋ, ಅವರು ಮೊದಲಿನಿಂದಲೂ ಹಾಕುತ್ತಿದ್ದ ಬೂಟಿನ ಪುಣ್ಯವೋ ಬಿಡಿಸಿ ಹೇಳಲಾರೆ.

ನಡುವೆ ಒಂದಿಷ್ಟು ಹುಚ್ಚುಗಳನ್ನೂ ಹಚ್ಚಿಕೊಂಡೆ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು–ಸೆಂಟು (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟಿರುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುವಾರ ಹಾವು ಹೊರಬರುತ್ತದೆ ಎಂಬ ಮಾತನ್ನು ಆ ಪುಸ್ತಕಗಳ ಜೊತೆ ಇಟ್ಟು ನೋಡಿದೆ. ಏನೂ ಸಿಗಲಿಲ್ಲ. ಅದೇ ಮಳೆ ಲೆಕ್ಕದಲ್ಲಿ ಇಲಿಜ್ವರ ಹುಡುಕಹೊರಟು ಎರಡು ತಿಂಗಳ ಸಂಜೆಗಳನ್ನು ಕಳೆದೆ. ಪರೀಕ್ಷೆ ಮಾಡಿಸಿಕೊಂಡವರೇ ಕಡಿಮೆಯಾದ್ದರಿಂದ ಅದೂ ನೀರಿಗೆ ಬಿತ್ತು. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮಾತ್ರ ಒಂದು ಸುಳಿವು ಸಿಕ್ಕಿತು. ಸಂಜೆ ಏಳರಿಂದ ಹತ್ತರ ನಡುವಿನ ಕಡಿತಗಳು ಆ ತಿಂಗಳು ಹೆಚ್ಚು. ಗದ್ದೆಯ ಬದುವಿನಲ್ಲಿ ಏಡಿ ಹಿಡಿಯಲು ಹೋದವರು! ಕೆಲವರಿಗೆ ಟಾರ್ಚ್ ಕೊಟ್ಟು ನೋಡಿದೆ. ಏಡಿ ಹೆಚ್ಚು ಸಿಕ್ಕಿತು ಎಂದರು.

ನಾಗರಹೊಳೆ ಅಂಚಿನ ಹಾಡಿಗಳ ಕಡೆಯಿಂದ ಬೆಳಗಿನ ಜಾವ ಬಂದ ಹೊಟ್ಟೆನೋವಿನ ಸಾಲುಗಳನ್ನೂ ಹೊರರೋಗಿ ಪುಸ್ತಕದಿಂದ ಬೇರೆ ತೆಗೆದೆ. ಕಟ್ಟುಹಾವು ಮಲಗಿದವರಿಗೆ ಕಚ್ಚುತ್ತದೆ, ಗಾಯವೇ ಕಾಣದಿರಬಹುದು, ಹೊಟ್ಟೆನೋವಿನಿಂದ ಶುರುವಾಗಿ ರೆಪ್ಪೆ ಜೋಲುತ್ತದೆ. ಅಂಥ ನಾಲ್ಕೈದು ಸಾಲುಗಳು ಅನುಮಾನಕ್ಕೆ ಸಿಕ್ಕಿದವು. ಆಶಾ ಕಾರ್ಯಕರ್ತೆಯ ಜೊತೆ ಹೋಗಿ ವಿಚಾರಿಸಿದಾಗ ಒಂದು ಮನೆಯಲ್ಲಿ ಸಾವೂ ಆಗಿತ್ತು. ಮರಣ ನೋಂದಣಿಯಲ್ಲಿ ಅದು ಹೃದಯಾಘಾತ. ಈಗ ನಸುಕಿನಲ್ಲಿ ಹೊಟ್ಟೆನೋವೆಂದು ಬಂದವರ ರೆಪ್ಪೆಯನ್ನು ನಮ್ಮ ನರ್ಸ್ ಮೊದಲು ನೋಡುತ್ತಾರೆ.

ನಾಟಿ ವೈದ್ಯರ ಬಳಿಗೆ ಮೊದಲು ಹೋಗುವುದು ನಿಂತಿಲ್ಲ. ನಿಲ್ಲಿಸಲು ನಾನು ಪ್ರಯತ್ನಿಸಲೂ ಇಲ್ಲ. ಇಬ್ಬರು ವೈದ್ಯರು ಮಾತ್ರ ಈಗ ಸೊಪ್ಪು ಅರೆಯುವ ಮೊದಲು ನಮಗೆ ಫೋನ್ ಮಾಡುತ್ತಾರೆ. ಅವರನ್ನು ಒಪ್ಪಿಸಿದ ಬಗೆ ಬಹಿರಂಗವಾದರೆ ಮರುದಿನವೇ ಫೋನ್ ನಿಲ್ಲುತ್ತದೆ, ಬಿಡಿ.

ಫಲ ಏನೆಂದರೆ, ಕಚ್ಚಿದ ಹೊತ್ತಿನಿಂದ ಮೊದಲ ವೈಲ್ ಒಳಹೋಗುವವರೆಗೆ ಮುಂಚೆ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಈಗ ಹೆಚ್ಚಿನವರಿಗೆ ಎರಡು ಗಂಟೆಯೊಳಗೆ ಆಗುತ್ತಿದೆ. ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮ ವ್ಯಾಪ್ತಿಯಿಂದ ಹೊರಟವರಾರೂ ದಾರಿಯಲ್ಲಿ ಪ್ರಾಣ ಬಿಟ್ಟಿಲ್ಲ. ಅವಧಿ ಮೀರಿ ಎಸೆದ ವೈಲ್ ಹೋದ ವರ್ಷ ಒಂದೂ ಇಲ್ಲ. ಒಟ್ಟು ಖರ್ಚು, ಬೂಟು ಬಿಟ್ಟು, ಐವತ್ತು ಸಾವಿರದ ಒಳಗೆ. ಅದರಲ್ಲಿ ನನ್ನದು ಇಪ್ಪತ್ತೈದಾದರೂ ಇರಬೇಕು, ಮನೆಯಲ್ಲಿ ಸರಿಯಾದ ಲೆಕ್ಕ ಕೊಟ್ಟಿಲ್ಲ. ಇಬ್ಬರು ಸಾಹುಕಾರರು ಈ ಸಲ ಚೆಕ್‌ರೋಲ್ ಕೊಡಲು ಹಿಂದೇಟು ಹಾಕುತ್ತಿದ್ದಾರೆ, ಅವರ ರೈಟರ್ ಬದಲಾಗಿದ್ದಾರೆ. ಕಾಫಿ ಹೂ ಬಿಡುವ ಮೊದಲು ಅವರನ್ನು ಒಮ್ಮೆ ಕಂಡು ಬರಬೇಕು. ನಾಯಿ ಕಡಿತದ ಪುಸ್ತಕಗಳನ್ನು ಈಗಷ್ಟೇ ಎಕ್ಸೆಲ್‌ಗೆ ಏರಿಸಲು ಕೊಟ್ಟಿದ್ದೇನೆ. ಎರಡನೇ, ಮೂರನೇ ಚುಚ್ಚುಮದ್ದಿಗೆ ಬಾರದೆ ಉಳಿದವರು ಯಾವ ಲೈನ್‌ಗಳವರು ಎಂದು ಅದರಿಂದ ತೆಗೆಯಬೇಕೆಂದಿದೆ.