ಹತ್ತು ನಿಮಿಷದ ಲೆಕ್ಕ

ನಮ್ಮ ಅಕ್ಕಿ ಗಿರಣಿಯಲ್ಲಿ 75 ಕೆ.ಜಿ. ಭತ್ತದ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿಗೂ ಗೋದಾಮಿಗೂ ಓಡಾಡುವವರು ಹದಿನೆಂಟು ಮಂದಿ. ಅವರು ಹೊತ್ತ ಚೀಲಗಳ ಲೆಕ್ಕ ಬರೆಯುತ್ತ, ಫ್ಯಾನಿನ ಕೆಳಗೆ ಕುಳಿತು ಹೊಟ್ಟೆ ಬೆಳೆಸಿಕೊಂಡವನು ನಾನೊಬ್ಬ. ಗಂಗಾವತಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಇದೇ ಗುಮಾಸ್ತಿಕೆ. ನಲವತ್ತಾರು ತುಂಬುವ ಹೊತ್ತಿಗೆ ತೂಕ 82 ಕೆ.ಜಿ. ಮುಟ್ಟಿತ್ತು. ಕಳೆದ ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ 6.2 ಬಂತು. 5.7ರಿಂದ 6.4ರವರೆಗೆ ಬಂದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಅರ್ಥವಂತೆ. ವೈದ್ಯರು ಮಾತ್ರೆ ಬರೆಯಲಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ನಡೆಯಿರಿ ಎಂದರು.

ಮುಕ್ಕಾಲು ಗಂಟೆ! ಸುಗ್ಗಿಯಲ್ಲಿ ನಮಗೆ ಊಟಕ್ಕೇ ಅಷ್ಟು ಹೊತ್ತು ಸಿಗುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಒಂದು ಬೆಳೆ, ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು. ಆ ದಿನಗಳಲ್ಲಿ ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ, ತೂಕದ ಕಾಂಟಾ ರಾತ್ರಿ ಹತ್ತಾದರೂ ಬಿಡುವು ಕೊಡುವುದಿಲ್ಲ. ಉಳಿದ ತಿಂಗಳುಗಳಲ್ಲಾದರೂ ನಡೆದೆನೇ? ನಡೆದೆ. ಹನ್ನೊಂದು ದಿನ. ನನಗೆ ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಯಲ್ಲಿ ಎಲ್ಲವನ್ನೂ ಬರೆದಿಡುವ ಚಾಳಿಯಿದೆ, ಆದ್ದರಿಂದ ಸುಳ್ಳು ಹೇಳಲಾರೆ.

ಆ ತಿಂಗಳ ಕೊನೆಗೆ ಹೆಂಡತಿಯ ತಮ್ಮ ಸಂಸಾರ ಸಮೇತ ಬಂದಿದ್ದ. ಎಲ್ಲರೂ ಅಂಜನಾದ್ರಿಗೆ ಹೋದೆವು. 575 ಮೆಟ್ಟಿಲು. ನೂರು ದಾಟುವಷ್ಟರಲ್ಲಿ ಬಾಯಲ್ಲಿ ಉಸಿರಾಡುತ್ತಿದ್ದೆ. ಐದು ಕಡೆ ನಿಂತೆ. ನಿಂತಾಗಲೆಲ್ಲ ಕೆಳಗಿನ ಹಸಿರು ಗದ್ದೆ, ತುಂಗಭದ್ರೆ, ಆಚೆ ದಡದ ಹಂಪಿಯ ಬಂಡೆಗಳನ್ನು ನೋಡುವವನಂತೆ ನಟಿಸಿದೆ. ಮೇಲೆ ಮುಟ್ಟುವಾಗ ಇಪ್ಪತ್ತೊಂದು ನಿಮಿಷವಾಗಿತ್ತು. ಬಾಮೈದನ ಎಂಟು ವರ್ಷದ ಮಗಳು ಅಷ್ಟರಲ್ಲಿ ಹತ್ತಿ, ಇಳಿದು, ಅರ್ಧ ದಾರಿಯಲ್ಲಿ ನನ್ನನ್ನು ಹುಡುಕಿ, “ಮಾಮ, ಇನ್ನೂ ಇಲ್ಲೇ ಇದ್ದೀರಾ?” ಎಂದು ಕೇಳಿ, ಮತ್ತೆ ಹತ್ತಿ ಹೋಗಿದ್ದಳು.

ಮೊಬೈಲಿನಲ್ಲಿ ‘ಏಳು ನಿಮಿಷದ ವ್ಯಾಯಾಮ’ ಕಣ್ಣಿಗೆ ಬಿದ್ದದ್ದು ಆ ವಾರವೇ. ಇದು 2013ರಲ್ಲಿ ಅಮೆರಿಕದ ಕ್ರೀಡಾ ವೈದ್ಯಕೀಯದ ಒಂದು ಪತ್ರಿಕೆಯಲ್ಲಿ ಬಂದು ಜಗತ್ತಿಗೆಲ್ಲ ಹಬ್ಬಿದ ಪಟ್ಟಿ. ಹನ್ನೆರಡು ವ್ಯಾಯಾಮ, ಒಂದೊಂದಕ್ಕೆ ಮೂವತ್ತು ಸೆಕೆಂಡು, ನಡುವೆ ಹತ್ತು ಸೆಕೆಂಡು ಬಿಡುವು. ಒಂದು ಕುರ್ಚಿ, ಒಂದು ಗೋಡೆ ಇದ್ದರೆ ಸಾಕು. ನಾನು ಉತ್ಸಾಹದಿಂದ ಕೈಕಾಲು ಅಗಲಿಸಿ ಜಿಗಿಯತೊಡಗಿದೆ. ಮೂರನೆಯ ದಿನ ಕೆಳಗಿನ ಮನೆಯ ಮಾಲೀಕರು ಮೆಟ್ಟಿಲೇರಿ ಬಂದು, “ಏನ್ರೀ, ಗಿರಣಿಯಲ್ಲಿ ಜಾಗ ಸಾಲದೆ ಮನೆಯಲ್ಲೂ ಭತ್ತ ಕುಟ್ಟುತ್ತಿದ್ದೀರಾ?” ಎಂದು ಕೇಳಿದರು. ಅದೇ ಸಂಜೆ ಎಡ ಮಂಡಿ ಊದಿತು. ಆ ಪಟ್ಟಿಯನ್ನು ಸಿದ್ಧಪಡಿಸಿದವರು ಅದನ್ನು ಎರಡು ಮೂರು ಸುತ್ತು ಮಾಡಬಹುದು ಎಂದೂ ಬರೆದಿದ್ದಾರೆ. ಹಬ್ಬುವಾಗ ‘ಏಳು ನಿಮಿಷ’ ಎಂಬ ಮಾತೊಂದೇ ಹಬ್ಬಿತು.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುಳಿತ ಒಂದು ವಾರ ಓದುವುದಕ್ಕೆ ಒದಗಿತು. ಲೆಕ್ಕದವನಾದ್ದರಿಂದ ಅಂಕಿಗಳನ್ನು ಹುಡುಕಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನನ್ನು ಹಿಡಿದು ನಿಲ್ಲಿಸಿತು. ಮೈ ಬಗ್ಗಿಸದ ಗಂಡಸರನ್ನು ಆರಿಸಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ 45 ನಿಮಿಷ ಹದವಾಗಿ ಸೈಕಲ್ ತುಳಿಸಿದರು. ಇನ್ನೊಂದು ಗುಂಪಿಗೆ ಮೂರೇ ಮೂರು ಸಲ, ಇಪ್ಪತ್ತಿಪ್ಪತ್ತು ಸೆಕೆಂಡು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತುಳಿಯಿರಿ ಎಂದರು. ಮುಂಚಿನ, ನಡುವಿನ, ಕೊನೆಯ ನಿಧಾನದ ತುಳಿತ ಸೇರಿ ಒಟ್ಟು ಹತ್ತು ನಿಮಿಷ. ಹನ್ನೆರಡು ವಾರದ ಬಳಿಕ ನೋಡಿದರೆ, ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಎರಡೂ ಗುಂಪುಗಳಲ್ಲಿ ಸುಮಾರು ಶೇ 19ರಷ್ಟು ಏರಿತ್ತು. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯೂ ಎರಡರಲ್ಲೂ ಸುಧಾರಿಸಿತ್ತು. ನನಗೆ ಬೇಕಾಗಿದ್ದದ್ದು ಇದೇ.

ಜಪಾನಿನ ಇಜುಮಿ ತಬಾಟಾ ಅವರ ಹೆಸರಿನ ನಾಲ್ಕು ನಿಮಿಷದ ಕಥೆಯನ್ನೂ ಓದಿದೆ. ಇಪ್ಪತ್ತು ಸೆಕೆಂಡು ದುಡಿತ, ಹತ್ತು ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ಈಗ ಯಾರು ಏನು ಕುಣಿದರೂ ಅದಕ್ಕೆ ತಬಾಟಾ ಎನ್ನುತ್ತಾರೆ. 1996ರ ಆ ಅಧ್ಯಯನದಲ್ಲಿ ಸೈಕಲ್ ತುಳಿದವರು ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು. ಕೊನೆಯ ಸುತ್ತಿಗೆ ಪೂರ್ತಿ ಸೋತುಹೋಗುವಷ್ಟು ಭಾರ ಇಟ್ಟಿದ್ದರು. ಸಾಲದ್ದಕ್ಕೆ ವಾರದಲ್ಲಿ ಒಂದು ದಿನ ಅರ್ಧ ಗಂಟೆ ಒಂದೇ ಸಮನೆ ತುಳಿಯುವುದೂ ಇತ್ತು. ವಿದ್ಯಾರ್ಥಿಯೂ ಅಲ್ಲದ, ಸೋತುಹೋಗುವ ಧೈರ್ಯವೂ ಇಲ್ಲದ ನಾನು ಆ ದಾರಿ ಬಿಟ್ಟೆ.

ಮತ್ತೆ ಶುರು ಮಾಡುವ ಮುನ್ನ ವೈದ್ಯರ ಬಳಿ ಹೋಗಿ ಇಸಿಜಿ ಮಾಡಿಸಿ, ಬಿಪಿ ನೋಡಿಸಿಕೊಂಡು ಬಂದೆ. ನಲವತ್ತು ದಾಟಿದವರು, ಸಕ್ಕರೆ, ಬಿಪಿ, ಎದೆನೋವಿನ ಗುಮಾನಿ ಇರುವವರು ಇದನ್ನು ಬಿಟ್ಟು ಮುಂದಕ್ಕೆ ಓದಬೇಡಿ.

ನನ್ನ ಬಳಿ ಸೈಕಲ್ ಇರಲಿಲ್ಲ, ಮೆಟ್ಟಿಲಿತ್ತು. ಬೀದಿಯಿಂದ ತಾರಸಿವರೆಗೆ ಮನೆಯ ಹೊರಗಿನ ಮೆಟ್ಟಿಲು ಮೂವತ್ತೆಂಟು. ಅದೇ ಮೆಕ್‌ಮಾಸ್ಟರ್‌ನವರು ಅರವತ್ತು ಮೆಟ್ಟಿಲನ್ನು ಬೇಗಬೇಗ ಹತ್ತಿಸುವ ಪ್ರಯೋಗವನ್ನೂ ಮಾಡಿದ್ದರು. ಅದರಲ್ಲಿ ಆರು ವಾರಕ್ಕೆ ಸುಮಾರು ಶೇ 5ರಷ್ಟು ಸುಧಾರಣೆ ಕಂಡಿತ್ತು. ಸಣ್ಣ ಲಾಭ, ಆದರೆ ಬಂಡವಾಳವೂ ಸಣ್ಣದು.

ಬೆಳಗ್ಗೆ ಐದೂವರೆಗೆ ತಾರಸಿಯ ಮೇಲೆ ಎರಡು ನಿಮಿಷ ಸುಮ್ಮನೆ ನಡೆಯುತ್ತೇನೆ. ಕೆಳಗಿಳಿದು, ಕಂಬಿಯನ್ನು ಹಿಡಿಯದೆ, ಆದರೆ ಹಿಡಿಯುವಷ್ಟು ಹತ್ತಿರ ಕೈಯಿಟ್ಟು, ಆದಷ್ಟು ಜೋರಾಗಿ ಹತ್ತುತ್ತೇನೆ. ಇಪ್ಪತ್ತರಿಂದ ಇಪ್ಪತ್ತೆರಡು ಸೆಕೆಂಡು. ಮೇಲೆ ಒಂದು ನಿಮಿಷ ಅಡ್ಡಾಡಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಅಜ್ಜಿಯಂತೆ ಇಳಿಯುತ್ತೇನೆ. ಹೀಗೆ ಮೂರು ಸಲ. ಆಮೇಲೆ ಉಸಿರು ಮಾಮೂಲಿಗೆ ಬರುವವರೆಗೆ ಮತ್ತೆ ನಡಿಗೆ. ಸೋಮವಾರ, ಬುಧವಾರ, ಶುಕ್ರವಾರ. ಎಲ್ಲ ಸೇರಿ ಹತ್ತು, ಹನ್ನೊಂದು ನಿಮಿಷ.

ಹತ್ತುವುದರಲ್ಲಿ ಅಪಾಯ ಕಡಿಮೆ, ಇಳಿಯುವುದರಲ್ಲಿಯೇ ಇರುವುದು. ಮೊದಲ ವಾರ ಹವಾಯಿ ಚಪ್ಪಲಿಯಲ್ಲಿ ಇಳಿಯುವಾಗ ಜಾರಿ ಮೊಳಕಾಲಿನ ಕೆಳಗೆ ಚರ್ಮ ಸುಲಿಸಿಕೊಂಡೆ. ಅಂದಿನಿಂದ ಬಿಗಿಯಾದ ಬೂಟು. ಇನ್ನೊಂದು ದಿನ ಗಿರಣಿಯಲ್ಲಿಯೇ ಮಧ್ಯಾಹ್ನ ಗೋದಾಮಿನ ಮೆಟ್ಟಿಲು ಹತ್ತಿದೆ. ಹೊಟ್ಟೆಯಲ್ಲಿ ಊಟ, ಹೊರಗೆ ಬಿಸಿಲು, ಗಾಳಿಯಲ್ಲಿ ಹೊಟ್ಟಿನ ದೂಳು. ಎರಡನೆಯ ಸಲಕ್ಕೆ ಕಣ್ಣು ಕತ್ತಲೆ ಬಂದು ತೌಡಿನ ಚೀಲಗಳ ಮೇಲೆ ಕುಳಿತುಬಿಟ್ಟೆ. ನೀರು ತಂದುಕೊಟ್ಟ ಹಮಾಲರ ಮೇಸ್ತ್ರಿ, “ಅಣ್ಣ, ನಾವು ದುಡ್ಡಿಗೆ ಹತ್ತುತ್ತೇವೆ. ನೀವು ಯಾರ ಸಾಲ ತೀರಿಸುವುದಕ್ಕೆ ಹತ್ತುತ್ತೀರಿ?” ಎಂದ. ಉತ್ತರ ಹೊಳೆಯಲಿಲ್ಲ. ಬೆನ್ನು ಹಿಡಿದುಕೊಂಡು ಮನೆಗೆ ಹೋಗುವ ಅವನಿಗೆ ವ್ಯಾಯಾಮದ ವಿಷಯ ಹೇಳುವ ಮುಖವೂ ನನಗಿಲ್ಲ. ಅವನದು ಬಿಡುವಿಲ್ಲದ ದುಡಿತ. ನನ್ನ ಹತ್ತು ನಿಮಿಷಕ್ಕೆ ಬೆಲೆ ಬರುವುದೇ ಹಿಂದೆ ಮುಂದೆ ವಿಶ್ರಾಂತಿ ಇರುವುದರಿಂದ.

‘ಜೋರು’ ಎಂದರೆ ಎಷ್ಟು ಜೋರು? ಇದನ್ನು ತಿಳಿಯಲು ನನಗೆ ಹಲವು ವಾರ ಬೇಕಾಯಿತು. ಮೊದಮೊದಲು ನಾನು ಜೋರೆಂದು ತಿಳಿದಿದ್ದದ್ದು ಬರೀ ಅವಸರ. ಕೊನೆಗೆ ಮಗ್ಗಿಯ ಪರೀಕ್ಷೆ ಕಂಡುಕೊಂಡೆ. ಮೇಲೆ ಮುಟ್ಟಿದ ಕೂಡಲೇ ಗಟ್ಟಿಯಾಗಿ ಹದಿಮೂರರ ಮಗ್ಗಿ ಹೇಳುವುದು. ಹದಿಮೂರೊಂದಲೆ ಹದಿಮೂರು, ಹದಿಮೂರೆರಡಲೆ ಇಪ್ಪತ್ತಾರು ಎನ್ನುವಷ್ಟರಲ್ಲಿ ಉಸಿರು ಮುರಿದರೆ ದುಡಿತ ಸರಿಯಾಗಿದೆ. ಹತ್ತರವರೆಗೆ ಸಲೀಸಾಗಿ ಹೋದರೆ ಅಂದು ನಾನು ನನಗೇ ಟೋಪಿ ಹಾಕಿದ್ದೇನೆ. ಒಂದು ನಿಮಿಷದ ಬಳಿಕ ಐದರವರೆಗೆ ಹೇಳಲು ಬರಬೇಕು, ಬರದಿದ್ದರೆ ಮುಂದಿನ ಸಲ ಹತ್ತುವುದಿಲ್ಲ. ಚುಟುಕು ವ್ಯಾಯಾಮದ ಗುಟ್ಟೆಲ್ಲ ಇಲ್ಲಿದೆ ಎಂದು ನನ್ನ ಎಣಿಕೆ. ಸಮಯವನ್ನು ಕಡಿಮೆ ಮಾಡಿದರೆ ಆ ಬಾಕಿಯನ್ನು ಏದುಸಿರಿನಲ್ಲಿ ಕಟ್ಟಬೇಕು. ಹತ್ತು ನಿಮಿಷ ಆರಾಮಾಗಿ ಅಡ್ಡಾಡಿ ಮುಕ್ಕಾಲು ಗಂಟೆಯ ಫಲ ಕೇಳುವುದು ನುಚ್ಚು ಕೊಟ್ಟು ಸೋನಾ ಮಸೂರಿಯ ಬಿಲ್ಲು ಬರೆದಂತೆ.

ಮಂಗಳವಾರ, ಗುರುವಾರ ದಂಡ, ಬಸ್ಕಿ. ಇದಕ್ಕೆ ಗುರು ನನ್ನ ಸೋದರಮಾವ. ಹರೆಯದಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿದವರು, ಈಗ ಎಪ್ಪತ್ತಮೂರು. ಹತ್ತು ನಿಮಿಷದ ವಿಷಯ ಕೇಳಿ ಅವರು, “ಅಳಿಯ, ಹತ್ತು ನಿಮಿಷ ನಮಗೆ ಲಂಗೋಟಿ ಬಿಗಿಯುವುದಕ್ಕೇ ಬೇಕಿತ್ತು” ಎಂದು ನಕ್ಕರು. ಆದರೂ ಬಸ್ಕಿ ಮಾಡಿ ತೋರಿಸಿದರು. ಗರಡಿಯ ಬಸ್ಕಿಯಲ್ಲಿ ಕುಳಿತಾಗ ಹಿಮ್ಮಡಿ ಮೇಲೇಳುತ್ತದೆ, ಭಾರ ಬೆರಳ ತುದಿಗೆ ಬರುತ್ತದೆ. ಊದಿದ್ದ ನನ್ನ ಮಂಡಿ ಅದಕ್ಕೆ ಒಪ್ಪಲಿಲ್ಲ. ಹಿಂದೊಂದು ಸ್ಟೂಲು ಇಟ್ಟು, ಹಿಮ್ಮಡಿಯನ್ನು ನೆಲಕ್ಕೂರಿ, ಕುಂಡೆ ಸ್ಟೂಲಿಗೆ ತಾಗಿದ ಕೂಡಲೇ ಏಳುವುದನ್ನು ರೂಢಿ ಮಾಡಿಕೊಂಡೆ. ಹದಿನೈದು ಬಸ್ಕಿ, ನಾಲ್ಕನೆಯ ಮೆಟ್ಟಿಲಿಗೆ ಕೈಯೂರಿ ಎಂಟು ದಂಡ, ಒಂದು ನಿಮಿಷ ಬಿಡುವು, ಮತ್ತೆರಡು ಸುತ್ತು. ಈಗ ಕೈ ಎರಡನೆಯ ಮೆಟ್ಟಿಲಿಗೆ ಇಳಿದಿದೆ. ನೆಲ ಮುಟ್ಟುವ ದಿನ ಮಾವನಿಗೆ ಫೋನ್ ಮಾಡಬೇಕು.

ಮಧ್ಯಾಹ್ನ ಊಟವಾದ ಮೇಲೆ ಗಿರಣಿಯ ಅಂಗಳದ ನೆರಳಿನಲ್ಲಿ ಹತ್ತು ನಿಮಿಷ ನಿಧಾನ ನಡಿಗೆ. ಇದು ವ್ಯಾಯಾಮವೆಂದು ನನಗೆ ಅನಿಸಿಯೇ ಇರಲಿಲ್ಲ. ಚಲನೆ ಒಂದೇ ಬಾರಿಗೆ ಹತ್ತು ನಿಮಿಷವಾದರೂ ಇರಬೇಕು ಎಂದು ಮೊದಲು ನಿಯಮವಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿತು. ಎರಡು ನಿಮಿಷ ಅಡ್ಡಾಡಿದರೂ ಜಮಾ ಆಗುತ್ತದೆ. ಆದರೆ ವಾರದ ಒಟ್ಟು ಮೊತ್ತವನ್ನು ಅವರು ಮನ್ನಾ ಮಾಡಿಲ್ಲ. ಹದವಾದ ಚಲನೆಯಾದರೆ 150ರಿಂದ 300 ನಿಮಿಷ, ಜೋರಿನದಾದರೆ 75ರಿಂದ 150, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನನ್ನ ಖಾತೆಯಲ್ಲಿ ಈಗಲೂ ಬಾಕಿ ಇದೆ.

ಒಂಬತ್ತು ವಾರ ಮುಗಿಸಿ ಏಪ್ರಿಲ್ ನಡುವಿನಲ್ಲಿ, ಸುಗ್ಗಿಯ ಗದ್ದಲ ಏರುವ ಮೊದಲು, ಬೆಳಕು ಹರಿಯುವ ಹೊತ್ತಿಗೆ ಒಬ್ಬನೇ ಅಂಜನಾದ್ರಿಗೆ ಹೋದೆ. ಮುನ್ನೂರು ಮೆಟ್ಟಿಲವರೆಗೆ ನಿಲ್ಲಲಿಲ್ಲ. ಆಮೇಲೆ ನಿಂತದ್ದೂ ಒಂದೇ ಸಲ, ಅದೂ ಮಂಗವೊಂದು ನನ್ನ ಬಾಳೆಹಣ್ಣಿನ ಕೈಚೀಲ ಹಿಡಿದು ಎಳೆದದ್ದರಿಂದ. ಹನ್ನೆರಡು ನಿಮಿಷ ನಲವತ್ತು ಸೆಕೆಂಡು. ಬೆಳಗ್ಗೆ ಎದ್ದ ಕೂಡಲೇ ನೋಡುವ ನಾಡಿಬಡಿತ 84ರಿಂದ 75ಕ್ಕೆ ಇಳಿದಿತ್ತು. ಸಕ್ಕರೆಯ ಸರಾಸರಿ 5.9. ಇದರಲ್ಲಿ ಮೆಟ್ಟಿಲಿನ ಪಾಲೆಷ್ಟು, ಸಂಜೆಯ ಮಿರ್ಚಿ, ಒಗ್ಗರಣೆ ಮಂಡಕ್ಕಿಯನ್ನು ವಾರಕ್ಕೊಂದು ಸಲಕ್ಕೆ ಇಳಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಿ ಬರೆಯಲು ನನ್ನಿಂದಾಗದು.

ತೂಕ? 82 ಇದ್ದದ್ದು 80.5. ಬೆಲ್ಟು ಒಂದು ತೂತು ಹಿಂದೆ ಸರಿಯಿತು, ಅಷ್ಟೇ. ಹೊಟ್ಟೆ ಕರಗಿಸುವ ಆಸೆಯಿಂದ ಇದಕ್ಕೆ ಇಳಿಯುವವರಿಗೆ ನಿರಾಸೆ ಖಚಿತ. ಹತ್ತು ನಿಮಿಷದಲ್ಲಿ ಉರಿಯುವ ಶಕ್ತಿಯನ್ನು ಎರಡು ಮಿರ್ಚಿ ಲೀಲಾಜಾಲವಾಗಿ ತುಂಬಿಕೊಡುತ್ತವೆ. ಹೊಟ್ಟೆಯ ವ್ಯವಹಾರವೆಲ್ಲ ತಟ್ಟೆಯಲ್ಲಿಯೇ ಇತ್ಯರ್ಥವಾಗಬೇಕು.

ಏಪ್ರಿಲ್ ಕೊನೆಯಿಂದ ಮೇವರೆಗಿನ ಸುಗ್ಗಿಯಲ್ಲಿ ಕಿರ್ದಿಯ ಹಾಳೆ ಸಾಲುಸಾಲು ಖಾಲಿ ಬಿದ್ದಿದೆ. ಮೂರು ವಾರದಲ್ಲಿ ನಾಲ್ಕೇ ದಿನ. ಮೊದಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಕ್ಕಾಲು ಗಂಟೆಯ ನಡಿಗೆಯನ್ನು ಬಿಟ್ಟವನಿಗೆ ಮತ್ತೆ ಹಿಡಿಯಲು ಮುಕ್ಕಾಲು ಗಂಟೆ ಹುಡುಕಬೇಕು. ಹತ್ತು ನಿಮಿಷವನ್ನು ಯಾರೂ ನನ್ನಿಂದ ಕಸಿದುಕೊಂಡಿಲ್ಲ, ನೆಪ ಹೇಳಿದರೆ ನನಗೇ ನಾಚಿಕೆ. ಜೂನ್ ಮೊದಲ ಸೋಮವಾರ ಮತ್ತೆ ಬೂಟು ಕಟ್ಟಿದೆ. ಮಗ್ಗಿ ಮೂರಲೆಗೇ ನಿಂತಿತು.

ಈಗ ನವೆಂಬರ್. ಹೊಸ ಭತ್ತ ಬರತೊಡಗಿದೆ. ನಿನ್ನೆ ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ, ಬೆಳಗ್ಗೆ ಏಳಲು ಆಗಿರಲಿಲ್ಲ. ಹೇಗೂ ಗಿರಣಿಯ ಬೂಟು ಕಾಲಲ್ಲೇ ಇತ್ತು. ಟಿಫಿನ್ ಡಬ್ಬಿಯನ್ನು ಕೆಳಗಿನ ಕಟ್ಟೆಯ ಮೇಲಿಟ್ಟು ಮನೆಯ ಬಾಗಿಲು ದಾಟಿ ತಾರಸಿಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಮೂರನೆಯ ಸಲ ಹೆಂಡತಿ ಬಾಗಿಲು ತೆರೆದು, “ಏನು ಮರೆತು ಬಂದಿರಿ?” ಎಂದು ಕೇಳಿದಳು. ಹದಿಮೂರ್ನಾಲ್ಕಲೆ ಐವತ್ತೆರಡು ಎಂದೆ.