ಹಳೆಯ ಕಾರಿನ ಇಮ್ಮೊಬಿಲೈಸರ್ ಕೈಕೊಟ್ಟಾಗ

ಸ್ಟಾರ್ಟರ್ ಎಂದಿನಂತೆ ತಿರುಗಿಯೂ ಎಂಜಿನ್ ಚಾಲೂ ಆಗದಿದ್ದರೆ, ಅಥವಾ ಚಾಲೂ ಆಗಿ ಎರಡೇ ಕ್ಷಣಗಳಲ್ಲಿ ನಿಂತುಹೋದರೆ, ಮೊದಲು ಮೀಟರಿನ ಬಳಿ ಕೀಲಿಯ ಇಲ್ಲವೇ ಬೀಗದ ಚಿತ್ರವಿರುವ ದೀಪವನ್ನು ಗಮನಿಸಬೇಕು. ಅದು ಎಡೆಬಿಡದೆ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಕಳ್ಳತನ-ನಿರೋಧಕ ಸಾಧನ, ಕೀಲಿಯನ್ನು ಗುರುತಿಸುತ್ತಿಲ್ಲವೆಂದು ಬಹುಮಟ್ಟಿಗೆ ತಿಳಿಯಬಹುದು.

ಆಗ ಅನೇಕರು ರಿಮೋಟಿನ ಸೆಲ್ ಬದಲಿಸಲು ಓಡುತ್ತಾರೆ. ಆದರೆ ಕೀಲಿ ಹಾಕಿ ತಿರುಗಿಸುವ ಕಾರುಗಳಲ್ಲಿ ಆ ಸೆಲ್ ಸಾಮಾನ್ಯವಾಗಿ ಬಾಗಿಲಿನ ಬೀಗಕ್ಕೆ ಮಾತ್ರ ಸಂಬಂಧಿಸಿದ್ದು, ಕೀಲಿಯ ಹಿಡಿಯೊಳಗಿನ ಚಿಪ್ ಇಗ್ನಿಷನ್ ಬೀಗವನ್ನು ಸುತ್ತುವರಿದ ತಂತಿಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಸಂಕೇತವನ್ನು ಕಳುಹಿಸುತ್ತದೆ. ನನ್ನ ಕೀಲಿಯ ಹಿಡಿ ಒಡೆದು ಹೊಸ ಕವಚ ಹಾಕಿಸಿದಾಗ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಚಿಪ್ ಹಳೆಯ ಕವಚದೊಂದಿಗೇ ಕಸದ ಬುಟ್ಟಿ ಸೇರಿತ್ತು. ಅದು ತಿಳಿಯುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು.

ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಮತ್ತೊಮ್ಮೆ ಪ್ರಯತ್ನಿಸಿರಿ, ಏಕೆಂದರೆ ಪಕ್ಕದಲ್ಲಿ ಇನ್ನೊಂದು ಚಿಪ್ ಕೀಲಿಯಿದ್ದರೂ ಸಂಕೇತ ಗೊಂದಲಕ್ಕೀಡಾಗಬಹುದು. ಮನೆಯಲ್ಲಿಟ್ಟ ಎರಡನೆಯ ಕೀಲಿಯಿಂದ ಕಾರು ಚಾಲೂ ಆದರೆ ದೋಷ ಮೊದಲನೆಯದರಲ್ಲಿದೆ. ಎರಡೂ ಸೋತರೆ ಬ್ಯಾಟರಿಯನ್ನು ಅಳೆಯಿರಿ: ಕೆಲವು ಗಂಟೆ ಬಳಸದೆ ಬಿಟ್ಟ ಒಳ್ಳೆಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಅದೂ ಸರಿಯಿದ್ದರೆ ಸುರುಳಿ ಮತ್ತು ವೈರಿಂಗ್ ಪರೀಕ್ಷಿಸಲು ಸ್ಕ್ಯಾನರ್ (ಕಾರಿನ ದೋಷಸಂಕೇತಗಳನ್ನು ಓದುವ ಉಪಕರಣ) ಇರುವ ಎಲೆಕ್ಟ್ರಿಷಿಯನ್ ಬೇಕು.

ಕಾರಿನ ಜೊತೆ ಬರದೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕಳ್ಳತನದ ಸೈರನ್ ನಡುರಾತ್ರಿ ಸುಮ್ಮನೆ ಕೂಗಿಕೊಳ್ಳುತ್ತಿದ್ದರೆ, ಬಾನೆಟ್ ತೆರೆದುದನ್ನು ಸೈರನ್ನಿಗೆ ತಿಳಿಸುವ, ಬಾನೆಟ್ ಕೆಳಗಿನ ಪುಟ್ಟ ಸ್ವಿಚ್ಚಿಗೆ ಮಳೆನೀರಿನಿಂದ ತುಕ್ಕು ಹಿಡಿದಿದೆಯೇ ಎಂದು ನೋಡಿರಿ. ಬೇಸತ್ತು ವೈರ್ ಕತ್ತರಿಸಬೇಡಿ. ಆ ಸೈರನ್ನಿನ ಘಟಕವೇ ಇಂಧನ ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್ಚಾದ ರಿಲೇಯನ್ನೂ ನಿಯಂತ್ರಿಸುತ್ತಿರಬಹುದು; ಆಗ ಕಾರೇ ಚಾಲೂ ಆಗದೆ ಹೋದೀತು.