ಲಾಂಗ್ ವೀಕೆಂಡ್‌ಗೆ ಗೆಳೆಯರ ಜೊತೆ ಉತ್ತರ ಕನ್ನಡದ ಕರಾವಳಿ

ಊರಿಂದ ಬರುವ ಗೆಳೆಯರಿಗೆ ಮೂರೇ ದಿನದಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಎಲ್ಲ ತೋರಿಸಲು ಹೋಗಬೇಡಿ. ಅರ್ಧ ಸಮಯ ಹೆದ್ದಾರಿಯಲ್ಲೇ ಕಳೆಯುತ್ತದೆ. ಕುಮಟಾ ಅಥವಾ ಹೊನ್ನಾವರದಲ್ಲಿ ಒಂದೇ ಕಡೆ ರೂಮ್ ಮಾಡಿ. ಗೋಕರ್ಣ, ಮುರ್ಡೇಶ್ವರ ಎರಡೂ ಅಲ್ಲಿಂದ ಹತ್ತಿರ. ಬೆಂಗಳೂರಿನವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಆರಾಮ, ಆದರೆ ರಜೆ ಇದ್ದರೆ ಟಿಕೆಟ್ ಬೇಗ ಖಾಲಿ.

ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್‌ಗೆ ಗುಡ್ಡದ ದಾರಿಯಲ್ಲಿ ನಡೆದೇ ಹೋಗಿ. ಬೆಳಿಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಚಪ್ಪಲಿ ಬದಲು ಶೂ ಹಾಕಿ. ಬಂಡೆಗಳ ಮೇಲೆ ಸೆಲ್ಫಿಗೆ ನಿಲ್ಲಲು ದಯವಿಟ್ಟು ಬಿಡಬೇಡಿ. ಈಜು ಬರುವವರನ್ನೂ ಅಲೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ನೀರಿಗಿಳಿಯಲೇಬೇಡಿ.

ಮಿರ್ಜಾನ್ ಕೋಟೆ ತಪ್ಪಿಸಬೇಡಿ, ಹೆದ್ದಾರಿಗೆ ಹತ್ತಿರವೇ ಇದೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ಕಾಲುದಾರಿ ಮಕ್ಕಳಿಗೂ, ಹಿರಿಯರಿಗೂ ಸುಲಭ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅದೇ ಚೆಂದ.

ಮೀನು ತಿನ್ನಲೆಂದೇ ಬರುವವರಿದ್ದರೆ ಜೂನ್, ಜುಲೈ ಬೇಡ. ಆಗ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ತಾಜಾ ಮೀನು ಕಡಿಮೆ, ಬೆಲೆ ಜಾಸ್ತಿ.